ಬೋಳು ಕಾರಿಗೆ ಟೀಚರ್ ಹೊಲಿದ ಕುಲಾವಿ

ಕಳೆದ ಭಾನುವಾರ ಕಾರಿನ ಡ್ರೈವರ್ ಸೀಟು ಬಿಚ್ಚುತ್ತಿದ್ದೆ. ಬೋಲ್ಟುಗಳು ತುಕ್ಕು ಹಿಡಿದು ಕೂತಿದ್ದವು. ಸೀಮೆಎಣ್ಣೆ ಬಿಟ್ಟು, ಸ್ಪ್ಯಾನರಿಗೆ ಪೈಪು ಸಿಕ್ಕಿಸಿ, ಮೈಭಾರವನ್ನೆಲ್ಲ ಹಾಕಿ ತಿರುಗಿಸಿದಾಗ ಕೊನೆಯದೂ ಕಿರ್ರೆಂದು ಬಿಟ್ಟುಕೊಂಡಿತು. ಸೀಟು ಎತ್ತಿದರೆ ಅಡಿಯಲ್ಲಿ ಧೂಳು, ಯಾವುದೋ ಒಂದು ವಾಷರು, ಒಣಗಿ ಪುಡಿಯಾದ ಚೆಂಡುಹೂವು, ಮತ್ತೆ ತೆಳ್ಳನೆಯ ಒಂದು ನೀಲಿ ಬಿಲ್ಲೆ. ಸವೆದು ಉಳಿದ ಸೋಪಿನ ಚೂರಿನ ಹಾಗಿತ್ತು. ಬೆರಳಿನಲ್ಲಿ ಉಜ್ಜಿ ನೋಡಿದೆ. ಬಟ್ಟೆಯ ಮೇಲೆ ಗೀಟು ಹಾಕುವ ಟೈಲರ್ ಸೀಮೆಸುಣ್ಣ. ಅದೇ ಹೊತ್ತಿಗೆ ಬಿಸಿಲಿಗೆ ಕಾದ ಬಟ್ಟೆಯ ಟಾಪಿನಿಂದ ಮೇಣದ ವಾಸನೆ ಇಳಿದು ಬಂತು. ಪಕ್ಕದ ಮನೆಯ ಹೊಲಿಗೆ ಟೀಚರ್ ಬಂದು ಹಿಂದೆ ನಿಂತ ಹಾಗಾಯಿತು...

ಮೊದಲು ಕಾರಿನ ಕಥೆ ಹೇಳಿಬಿಡುತ್ತೇನೆ. ಹೇಳದೆ ಇರಲು ನನ್ನಿಂದ ಆಗುವುದಿಲ್ಲ. ಕೇಳುವವರು ಬೇಜಾರಾಗಿ ಎದ್ದುಹೋದ ಮೇಲೂ ಹೇಳುತ್ತಲೇ ಇರುತ್ತೇನೆ ಎಂದು ಮನೆಯವರ ದೂರು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಅರಸೀಕೆರೆ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಬ್ಯಾಟರಿ ಅಂಗಡಿ ಇತ್ತು. ಬಿಕ್ಕೋಡಿನ ಆಚೆಯ ಒಂದು ಎಸ್ಟೇಟಿಗೆ ಜನರೇಟರಿನ ಬ್ಯಾಟರಿ ಹಾಕಲು ಹೋಗಿದ್ದೆ. ಗೋಡೌನಿನಲ್ಲಿ ಕಾಫಿ ಚೀಲಗಳ ಸಂದಿಯಿಂದ ಒಂದು ದುಂಡನೆಯ ಹೆಡ್‌ಲೈಟು ನನ್ನನ್ನೇ ನೋಡುತ್ತಿತ್ತು. ಚೀಲ ಸರಿಸಿದೆ. ಉದ್ದ ಮೂಗು, ನೆಲಕ್ಕೆ ಅಂಟಿದಂಥ ಮೈ, ಎರಡೇ ಸೀಟು. ಬಾಗಿಲ ಮೇಲಿಂದ ಕೈ ಇಳಿಬಿಟ್ಟರೆ ರಸ್ತೆ ಸಿಗುವಷ್ಟು ತಗ್ಗು. ಇಂಗ್ಲೆಂಡಿನಲ್ಲಿ ಹುಟ್ಟಿದ ಸ್ಪೋರ್ಟ್ಸ್ ಕಾರು, ಬಿಕ್ಕೋಡಿನಲ್ಲಿ ಮುದಿಯಾಗಿ ಮಲಗಿತ್ತು. ನನ್ನ ಎದೆ ಹೊಡೆದುಕೊಂಡ ಸದ್ದು ಎಸ್ಟೇಟಿನ ಸಾಹುಕಾರರಿಗೂ ಕೇಳಿಸಿರಬೇಕು.

"ಅದು ಓಡಲ್ಲ ಕಣಯ್ಯ. ಇಲಿಗಳು ಸಂಸಾರ ಹೂಡಿವೆ," ಎಂದರು.

ನನ್ನ ಬೈಕನ್ನು ಅವರ ಮಗನಿಗೆ ಬಿಟ್ಟುಕೊಟ್ಟು, ಕಾರನ್ನು ಟ್ರ್ಯಾಕ್ಟರಿನ ಟ್ರೈಲರಿಗೆ ಹತ್ತಿಸಿದೆ. ಪಕ್ಕದಲ್ಲಿ ಕೂರು ಎಂದು ಟ್ರ್ಯಾಕ್ಟರಿನವನು ಕರೆದರೂ ಹೋಗಲಿಲ್ಲ. ಟ್ರೈಲರಿನ ಮೇಲೆ, ಕಾರಿನೊಳಗೆ, ಸ್ಟೀರಿಂಗ್ ಹಿಡಿದೇ ಊರಿನವರೆಗೂ ಬಂದೆ. ಜಾವಗಲ್ಲಿನಲ್ಲಿ ಮಕ್ಕಳು ಹಿಂದೆ ಓಡಿ ಬಂದಾಗ, ಹಾರ್ನ್ ಕೆಟ್ಟಿದ್ದರಿಂದ, ಬಾಯಲ್ಲೇ ಹಾರ್ನ್ ಹೊಡೆದೆ.

ನಮ್ಮಪ್ಪ ಕೊಬ್ಬರಿ ವ್ಯಾಪಾರಿ. ಮನೆಯ ಮುಂದೆ ಇಳಿಸಿದ ಕಾರನ್ನು ಸುತ್ತು ಹಾಕಿ ನೋಡಿ, "ಮುಚ್ಚಳಾನೇ ಇಲ್ವಲ್ಲೋ. ಇರ್ಲಿ ಬಿಡು, ಕೊಬ್ಬರಿ ಒಣಗಾಕಕ್ಕಾದ್ರೂ ಬತ್ತದೆ," ಎಂದು ಒಳಗೆ ಹೋದರು. ಸಂಜೆಯೊಳಗೆ ಬೀದಿಯವರೆಲ್ಲ ಸೇರಿ ಅದಕ್ಕೆ 'ಬೋಳು ಕಾರು' ಎಂದು ಹೆಸರಿಟ್ಟಾಗಿತ್ತು.

ನಾನು ಯಾರ ಹತ್ತಿರವೂ ಕೆಲಸ ಕಲಿತವನಲ್ಲ. ಬಿಚ್ಚುವುದು, ನೋಡುವುದು, ತಿರುಗಿ ಹಾಕುವುದು, ಉಳಿದುಹೋದ ನಟ್ಟು ಎಲ್ಲಿಯದೆಂದು ತಿಳಿಯದೆ ಮತ್ತೆ ಬಿಚ್ಚುವುದು. ಆ ಕಾರಿಗೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಎರಡು. ಒಂದನ್ನು ಸರಿಮಾಡಿದರೆ ಇನ್ನೊಂದು ಮುನಿಸಿಕೊಳ್ಳುತ್ತಿತ್ತು. ಒಂದರ ಬಾಯಿಗೆ ರಬ್ಬರ್ ಕೊಳವೆ ಇಟ್ಟು, ಆ ಕಡೆಯ ತುದಿಯನ್ನು ಕಿವಿಗೆ ಹಿಡಿದು, ಆಮೇಲೆ ಇನ್ನೊಂದಕ್ಕೆ ಇಟ್ಟು, ಎರಡರಲ್ಲೂ ಒಂದೇ ಹದದ ಬುಸ್ ಸದ್ದು ಬರುವ ತನಕ ಸ್ಕ್ರೂ ತಿರುಗಿಸುತ್ತ ಕೂರಬೇಕು. ಆ ಎರಡು ಸದ್ದು ಕೂಡಿಕೊಳ್ಳುವ ಕ್ಷಣದ ಖುಷಿಯನ್ನು ಹೇಗೆ ಹೇಳಲಿ, ಶ್ರುತಿ ಸೇರಿದ ಹಾಗೆ. ಫ್ಯಾನ್ ಬೆಲ್ಟು ಟ್ರ್ಯಾಕ್ಟರಿನದು ಹೊಂದಿತು. ರೇಡಿಯೇಟರಿನ ಪೈಪು ಪಂಪ್‌ಸೆಟ್ಟಿನದು. ಎಂಜಿನ್ ಹಿಡಿದ ದಿನ ನಮ್ಮ ಕೊಟ್ಟಿಗೆಯ ಗುಬ್ಬಿಗಳೆಲ್ಲ ಒಟ್ಟಿಗೆ ಎದ್ದುಹೋದವು.

ಎಲ್ಲ ಆಯಿತು, ಟಾಪು ಮಾತ್ರ ಆಗಲಿಲ್ಲ. ಕೊಡೆಯ ಕಡ್ಡಿಯ ಹಾಗೆ ಮಡಚುವ ಕಂಬಿಗಳು ಗಟ್ಟಿಯಾಗಿದ್ದವು, ಬಟ್ಟೆ ಇಲಿಗಳ ಪಾಲಾಗಿತ್ತು. ಸೀಟು ಹೊಲಿಯುವವರು ಇಂಥದ್ದು ನಮಗೆ ಬರೋದಿಲ್ಲ ಎಂದರು. ಲಾರಿಗೆ ಟಾರ್ಪಾಲು ಹೊಲಿಯುವವರು ಧೈರ್ಯವಾಗಿ ಒಂದನ್ನು ಹೊಲಿದುಕೊಟ್ಟರು. ಅದನ್ನು ಕಟ್ಟಿಕೊಂಡು ಬಾಣಾವರದ ರಸ್ತೆಯಲ್ಲಿ ಸ್ವಲ್ಪ ಜೋರಾಗಿ ಹೋದೆ. ಒಳಗೆ ಗಾಳಿ ತುಂಬಿ ಡೇರೆಯ ಹಾಗೆ ಉಬ್ಬಿ, ಹಗ್ಗ ಹರಿದುಕೊಂಡು, ಪಕ್ಕದ ತೆಂಗಿನ ತೋಟಕ್ಕೆ ಹಾರಿಹೋಯಿತು.

ಅದನ್ನು ಮಡಚಿ ಬಗಲಲ್ಲಿಟ್ಟುಕೊಂಡು ಮನೆಗೆ ಬಂದಾಗ ಕಾಂಪೌಂಡಿನ ಆಚೆ ಬಟ್ಟೆ ಒಣಗಿಸುತ್ತಿದ್ದವರು ಟೀಚರ್.

"ಏನೋ, ನಿನ್ನ ಮಗೂ ಟೋಪಿ ಬಿಸಾಕ್ತಾ?"

ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅವರು ಹೊಲಿಗೆ ಕಲಿಸುತ್ತಿದ್ದರು. ರಿಟೈರಾಗಲು ಹೆಚ್ಚು ಕಾಲ ಇರಲಿಲ್ಲ. ಗಿಡ್ಡನೆಯ ಮೈಕಟ್ಟು, ಸೊಂಟಕ್ಕೆ ಸಿಕ್ಕಿಸಿದ ಚಿಕ್ಕ ಕತ್ತರಿ, ನಡು ಬೆರಳಿಗೆ ಸದಾ ಒಂದು ಅಂಗುಸ್ತಾನ. ಸೂಜಿ ಚುಚ್ಚದಿರಲೆಂದು ಹಾಕಿಕೊಳ್ಳುವ ಆ ಲೋಹದ ಟೊಪ್ಪಿಗೆಯಿಂದಲೇ ಹುಡುಗಿಯರ ತಲೆಗೆ ಟಕ್ಕೆಂದು ಕುಟ್ಟುತ್ತಿದ್ದರಂತೆ. ಗಂಡ ತೀರಿಕೊಂಡಾಗ ಅವರಿಗೆ ನನ್ನ ಆಗಿನ ವಯಸ್ಸು, ಮೂವತ್ತೂ ಆಗಿರಲಿಲ್ಲ. ಮಕ್ಕಳಿರಲಿಲ್ಲ. ಬೇಲೂರಿನಲ್ಲಿದ್ದ ತಮ್ಮನ ಮಗಳು ಇವರ ಮನೆಯಲ್ಲೇ ಇದ್ದು ಹೈಸ್ಕೂಲು ಓದಿ ಹೋಗಿದ್ದಳು. ಅವಳ ಲಂಗದ ಅಳತೆಯ ಕಾಗದಗಳು ಇನ್ನೂ ಮೆಷಿನ್ನಿನ ಮೇಲಿನ ಮೊಳೆಗೆ ನೇತಾಡುತ್ತಿದ್ದವು.

ಟೀಚರ್ ಗೋಡೆ ಬಳಸಿ ಬಂದು ಕಂಬಿಗಳನ್ನು ಎತ್ತಿ ಇಳಿಸಿ ನೋಡಿದರು. "ಇದು ಟಾರ್ಪಾಲಲ್ಲ ಕಣೋ, ಕುಲಾವಿ. ತಲೆಗೆ ತಕ್ಕಂತೆ ಕೂರಬೇಕು. ನಾನು ಹೊಲಿದುಕೊಡ್ತೀನಿ. ನೀನು ನನಗೆ ಇದನ್ನ ಓಡಿಸೋದು ಕಲಿಸಬೇಕು."

ನಾನು ನಕ್ಕೆ. ಅವರು ನಗಲಿಲ್ಲ.

ಹಳೆಯ ಪೇಪರುಗಳನ್ನು ಅಂಟಿಸಿ ಕಾರಿನ ತಲೆಯ ಅಳತೆ ತೆಗೆದರು. ದಪ್ಪ ಕ್ಯಾನ್‌ವಾಸಿನ ಮೇಲೆ ನೀಲಿ ಸೀಮೆಸುಣ್ಣದ ಗೀಟುಗಳು ಎದ್ದವು. ಎರಡು ಮಡಿಕೆ ಬಂದ ಕಡೆ ಮೆಷಿನ್ನು ಮುಂದಕ್ಕೆ ಹೋಗಲೊಲ್ಲದು. ನಾನು ಚಕ್ರವನ್ನು ಕೈಯಲ್ಲಿ ತಿರುಗಿಸುವುದು, ಅವರು ಬಟ್ಟೆ ದೂಡುವುದು. "ನಿಧಾನ, ನಿಧಾನ ಕಣೋ, ಇದೇನು ಎಂಜಿನ್ ಅಂದ್ಕೊಂಡ್ಯಾ?" ಆಮೇಲೆ ಮೇಣದಬತ್ತಿಗಳನ್ನು ಕರಗಿಸಿ, ಒಲೆಯಿಂದ ದೂರ ತಂದು ಸೀಮೆಎಣ್ಣೆ ಬೆರೆಸಿ, ಹೊಲಿಗೆಗಳ ಮೇಲೆಲ್ಲ ಚಿಂದಿಯಿಂದ ತಿಕ್ಕಿದರು. ಟಾಪು ಏರಿಸಿ ಕೊಕ್ಕೆ ಹಾಕಿದೆವು. ತಮಟೆಯ ಚರ್ಮದ ಹಾಗೆ ಬಿಗಿಯಾಗಿ ಕೂತಿತು. ನಾನು ಕುಣಿದೇಬಿಟ್ಟೆ. ಅಪ್ಪ ಜಗಲಿಯಿಂದ, "ಈಗ ಕೊಬ್ಬರಿ ಒಣಗಾಕಕ್ಕೂ ಬರಲ್ಲ," ಎಂದರು.

ಇನ್ನು ನನ್ನ ಸರದಿ. ಕೊಬ್ಬರಿ ವ್ಯಾಪಾರ ಇಲ್ಲದ ದಿನ ಮಂಡಿಯ ಅಂಗಳ ಖಾಲಿ ಇರುತ್ತಿತ್ತು. ಎಲ್ ಬೋರ್ಡು ಕಟ್ಟಿ, ಸೀಟನ್ನು ಪೂರ್ತಿ ಮುಂದಕ್ಕೆ ಎಳೆದು, ಬೆನ್ನಿಗೆ ದಿಂಬು ಕೊಟ್ಟು ಟೀಚರನ್ನು ಕೂರಿಸಿದೆ. ಕ್ಲಚ್ಚು ಬಿಟ್ಟರು. ಕಾರು ಮುಂದಕ್ಕೆ ಜಿಗಿದು, ನಿಂತು, ಮತ್ತೆ ಜಿಗಿದು, ಮಂಡಿಯ ತುಂಬ ತಲೆಬಾಗಿಸಿ ನಮಸ್ಕಾರ ಹಾಕುತ್ತ ಹೊರಟಿತು. ಏನಾಯಿತೆಂದು ಬಗ್ಗಿ ನೋಡಿದರೆ ಅವರ ಪಾದ ಆಕ್ಸಿಲರೇಟರಿನ ಮೇಲೆ ಹಿಮ್ಮಡಿ ಮುಂಗಾಲು, ಹಿಮ್ಮಡಿ ಮುಂಗಾಲು ಎಂದು ತೂಗುತ್ತಿದೆ. ಅಷ್ಟು ವರ್ಷ ಹೊಲಿಗೆ ಮೆಷಿನ್ನು ತುಳಿದ ಕಾಲು ಅದು. ಪೆಡಲ್ ಸಿಕ್ಕಿದೊಡನೆ ತಾನೇ ತುಳಿಯಲು ಶುರುಮಾಡಿತ್ತು.

"ಟೀಚರ್, ಇದು ಹೊಲಿಗೆ ಅಲ್ಲ, ಇಸ್ತ್ರಿ. ಒತ್ತಿ ಹಿಡೀರಿ."

"ಮೊದಲೇ ಹಂಗೆ ಹೇಳಬಾರದಾ?" ಎಂದರು. ಆಮೇಲೆ ಕಾರು ನೆಟ್ಟಗೆ ಹೋಯಿತು. ಮಂಡಿಯ ಕೊನೆಯಲ್ಲಿ ತಿರುಗಿಸಿಕೊಂಡು ಬರುವಾಗ ಅವರ ಮುಖ ನೋಡಬೇಕಿತ್ತು... ಕೂದಲೆಲ್ಲ ಕೆದರಿ, ಬಾಯಿ ಸ್ವಲ್ಪ ತೆರೆದು, ಏಳನೇ ಕ್ಲಾಸಿನ ಹುಡುಗಿಯ ಹಾಗೆ.

ಸೀಟು ಎಲ್ಲಿಗೆ ಬರಬೇಕೆಂದು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದರು. ಅದು ಅಳಿಸಿಹೋಗುತ್ತಿತ್ತು. ಒಂದು ದಿನ ಬೇಜಾರಾಗಿ, ಸೀಟು ಜಾರುವ ಹಳಿಯ ಮೇಲೆ ಕತ್ತರಿಯ ಮೊನೆಯಿಂದಲೇ ಗೀರಿಬಿಟ್ಟರು. ಮಳೆಗಾಲದೊಳಗೆ ಲೈಸೆನ್ಸೂ ತೆಗೆದುಕೊಂಡರು.

ಆ ವರ್ಷವೇ ಅವರ ತಮ್ಮ ಬೇಲೂರಿನಿಂದ ಮಗಳ ಲಗ್ನಪತ್ರಿಕೆ ಹಿಡಿದುಕೊಂಡು ಬಂದರು. ನಾನೂ ಅಲ್ಲೇ ಇದ್ದೆ, ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದೆ. ನಮ್ಮ ಕಡೆ ಮದುವೆಯ ಹಿಂದಿನ ಸಂಜೆ ಗಂಡನ್ನು ಗುಡಿಯಿಂದ ಛತ್ರಕ್ಕೆ ಮೆರವಣಿಗೆಯಲ್ಲಿ ಕರೆತರುತ್ತಾರೆ. ಓಪನ್ ಕಾರು ಸಿಕ್ಕರೆ ಅದಕ್ಕಿಂತ ದೊಡ್ಡಸ್ತಿಕೆ ಇಲ್ಲ. ತಮ್ಮ ನನ್ನ ಕಡೆ ತಿರುಗಿ ಕಾರು ಕೇಳಿದರು, ನಾನು ಒಪ್ಪಿಕೊಂಡೆ. ಆಮೇಲೆ ಅವರು ನೆಲ ನೋಡುತ್ತ ಅಕ್ಕನಿಗೆ ಹೇಳಿದರು:

"ನೀನು ಮಾರನೇ ದಿನ ಬಾ ಅಕ್ಕ. ಮುಹೂರ್ತ ಮುಗಿದ ಮೇಲೆ, ಊಟದ ಹೊತ್ತಿಗೆ. ಗಂಡಿನ ಕಡೆ ಹಿರಿಯರು ಸ್ವಲ್ಪ ಶಾಸ್ತ್ರ ನೋಡೋ ಜನ. ಎದುರಿಗೆ ಬಂದ್ರೆ ಏನಾದ್ರೂ ಅಂದಾರು. ನಿಂಗೆ ಬೇಜಾರಾಗೋದು ಬೇಡ ಅಂತ."

ಕೆಟ್ಟ ಮನುಷ್ಯರೇನಲ್ಲ. ಟೀಚರ್, "ಆಯ್ತಪ್ಪ," ಎಂದು ಕಾಫಿ ತರಲು ಒಳಗೆ ಹೋದರು.

ತಮ್ಮನ ಬಸ್ಸು ಹೊರಟ ಮೇಲೆ ಟೀಚರ್ ಮೆಷಿನ್ನಿನ ಮುಂದೆ ಕೂತು, ಬಟ್ಟೆ ಇಲ್ಲದೆಯೇ ಸ್ವಲ್ಪ ಹೊತ್ತು ತುಳಿದರು. ಸೂಜಿ ಸುಮ್ಮನೆ ಏರಿ ಇಳಿಯಿತು.

"ಅವಳ ಮೊದಲ ಸೀರೆಗೆ ಫಾಲ್ ಹಾಕಿದೋಳು ನಾನು," ಎಂದರು. ಮತ್ತೆ, "ಗಂಡಿನ ಎದುರಿಗೆ ನಾನು ಹೋಗಬಾರದು. ಬೆನ್ನು ಹಾಕಿ ಕೂರಬಹುದಲ್ಲ?"

"ಅಂದ್ರೆ?"

"ನಿನ್ನ ಕಾರಿಗೆ ಡ್ರೈವರ್ ಬೇಕಲ್ವೇನೋ?"

"ನಾನಿದ್ದೀನಲ್ಲ ಟೀಚರ್."

"ನೀನಲ್ಲ ಕಣೋ."

ಅರ್ಥವಾದಾಗ ನನಗೆ ಭಯಕ್ಕಿಂತ ಹೆಚ್ಚಾಗಿ ಹುರುಪು ಬಂತು. ಅವತ್ತಿಂದಲೇ ಕಾರಿನ ಸೇವೆ ಶುರು. ಬ್ರೇಕಿನ ಎಣ್ಣೆ, ಪ್ಲಗ್ಗು, ವೈರು, ಒಂದನ್ನೂ ಬಿಡಲಿಲ್ಲ. ಮೆರವಣಿಗೆಯ ಹಾದಿಯಲ್ಲಿ ಅದು ನಿಂತರೆ ಕಾರು ಕೆಟ್ಟಿತು ಎಂದು ಯಾರೂ ಹೇಳುವುದಿಲ್ಲ, ಯಾರು ಓಡಿಸಿದ್ದರು ಎಂದು ಕೇಳುತ್ತಾರೆ. ಅದು ಇಬ್ಬರಿಗೂ ಗೊತ್ತಿತ್ತು.

ಟಾಪು ಮಡಚಿ ಹೊರಟೆವು. ಹಳೇಬೀಡಿನ ತನಕ ನಾನು ಓಡಿಸಿದೆ. ಬಸ್ತಿಹಳ್ಳಿಯ ಹತ್ತಿರ ಟೀಚರ್ ಸೆರಗು ಬಿಗಿದು ಸ್ಟೀರಿಂಗಿಗೆ ಬಂದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಳೆ ಹನಿಯಿತು. ನಿಲ್ಲಿಸಿ ಟಾಪು ಏರಿಸಿದೆವು. ಮಳೆ ಜೋರಾಗಿ ಸುರಿಯತೊಡಗಿತು. ಒಳಗೆ ನಾವು, ಮೇಣದ ವಾಸನೆ, ತಲೆಯ ಮೇಲೆ ತಮಟೆ. ನಾನು ಹೊಗಳಲು ಬಾಯಿ ತೆರೆದೆ, ಅಷ್ಟರಲ್ಲಿ ಒಂದು ಹನಿ ನನ್ನ ಮೊಣಕಾಲಿನ ಮೇಲೆ ಬಿತ್ತು. ಟೀಚರಿಗೆ ಅವಮಾನವಾದಂತಾಯಿತು. ಕಾರು ನಿಲ್ಲಿಸಿ, ಪರ್ಸಿನಿಂದ ಸೀಮೆಸುಣ್ಣ ತೆಗೆದು, ಸೋರುವ ಜಾಗಕ್ಕೆ ಗುರುತು ಹಾಕಿದರು. "ಊರಿಗೆ ಹೋದಮೇಲೆ ಇದಕ್ಕೊಂದು ಹೊಲಿಗೆ." ಮತ್ತೆ ಹೊರಟಾಗ ಬಿಲ್ಲೆ ಮಡಿಲಿನಿಂದ ಜಾರಿ ಎಲ್ಲೋ ಬಿತ್ತು. ಹುಡುಕಿದೆವು, ಸಿಗಲಿಲ್ಲ.

ಬೇಲೂರು ತಲುಪಿದಾಗ ಮಳೆ ಬಿಟ್ಟಿತ್ತು. ಟೀಚರನ್ನು ಗುಡಿಯ ಪಕ್ಕದ ಬೀದಿಯಲ್ಲಿ ಇಳಿಸಿ, ಟಾಪು ಮಡಚಿ, ಕಾರನ್ನು ಅಲಂಕಾರಕ್ಕೆ ಬಿಟ್ಟೆ. ಹೂವಿನವನು ಬಾನೆಟ್ಟಿಗೆ ಹಾರ, ಬಾಗಿಲಿಗೆ ಹಾರ ಹಾಕಿ, ಕೊನೆಗೆ ಮೂತಿಯ ಮೇಲೆ ಚೆಂಡುಹೂವು ಸೇವಂತಿಗೆಯ ದಪ್ಪ ಪರದೆ ಕಟ್ಟತೊಡಗಿದ.

"ಅಲ್ಲಿ ಬೇಡ ಮಾರಾಯ, ಎಂಜಿನ್ನಿಗೆ ಗಾಳಿ ಹೋಗಬೇಕು."

"ಮೊಕಕ್ಕೆ ಹೂವಿಲ್ದೆ ಮದ್ವೆ ಕಾರು ಹೆಂಗಾಯ್ತದೆ ಸ್ವಾಮಿ? ದುಡ್ಡು ಕೊಟ್ಟೋರು ಬೈತಾರೆ," ಎಂದು ಕಟ್ಟಿಯೇ ಕಟ್ಟಿದ.

ಗಂಡನ್ನು ಕರೆತಂದು ಹಿಂದಿನ ಡಿಕ್ಕಿಯ ಮೇಲೆ ಜಮಖಾನ ಹಾಸಿ, ಕಾಲು ಸೀಟಿನ ಹಿಂದೆ ಇಳಿಬಿಡುವಂತೆ ಕೂರಿಸಿದರು. ವಾದ್ಯದವರು ನಿಂತರು. ಆಗ ಟೀಚರ್ ಬಂದು, ಯಾರ ಮುಖವನ್ನೂ ನೋಡದೆ, ಬಾಗಿಲು ತೆಗೆದು ಡ್ರೈವರ್ ಸೀಟಿನಲ್ಲಿ ಕೂತರು.

ತಮ್ಮ ಓಡಿ ಬಂದರು. "ಅಕ್ಕ, ಇದೇನು... ನಾಳೆ ಬಾ ಅಂದಿದ್ದೆನಲ್ಲ."

"ನಾಳೆ ನಿನ್ನ ಅಕ್ಕ ಬರ್ತಾಳೆ. ಇವತ್ತು ಡ್ರೈವರ್ ಬಂದಿದ್ದಾಳೆ."

ಗಂಡಿನ ಕಡೆಯ ಒಬ್ಬ ಹಿರಿಯರು, ಶಾಲು ಹೊದ್ದವರು, ನನ್ನ ಭುಜ ಹಿಡಿದರು. "ಏನಯ್ಯ, ಕಾರು ನಿಂದು ತಾನೆ? ನೀನೇ ಓಡ್ಸು."

"ಸೀಟು ಮುಂದಕ್ಕೆ ಬಂದು ಸಿಕ್ಕಿಹಾಕೊಂಡಿದೆ ಯಜಮಾನ್ರೇ. ನನ್ನ ಕಾಲು ಒಳಗೆ ಹಿಡಿಯಲ್ಲ," ಎಂದೆ. ಬಗ್ಗಿ ಎಳೆದಂತೆ ನಟಿಸಿಯೂ ತೋರಿಸಿದೆ. ಅವರು ನನ್ನ ಉದ್ದ ನೋಡಿದರು, ಸೀಟು ನೋಡಿದರು. ಮದುಮಗ ಮೇಲಿಂದ, "ಹೋಗ್ಲಿ ಬಿಡಿ ದೊಡ್ಡಪ್ಪ, ಹೊತ್ತಾಯ್ತು," ಎಂದ. ನಾದಸ್ವರ ಶುರುವಾಗಿಬಿಟ್ಟಿತು.

ಮೆರವಣಿಗೆಯ ನಡಿಗೆಗೆ ಕಾರನ್ನು ಹೊಂದಿಸುವುದು ಸುಲಭವಲ್ಲ. ವಾದ್ಯದವರು ನಾಲ್ಕು ಹೆಜ್ಜೆ ಹಾಕಿ ನಿಲ್ಲುತ್ತಾರೆ, ಮತ್ತೆರಡು ಹೆಜ್ಜೆ ಹಾಕುತ್ತಾರೆ. ಆದರೆ ಮಂಡಿಯಲ್ಲಿ ನಮ್ಮನ್ನು ಕುಣಿಸಿದ್ದ ಆ ತೂಗುವ ಅಭ್ಯಾಸವೇ ಇಲ್ಲಿ ಎಡಗಾಲಿಗಿಳಿದು ಕ್ಲಚ್ಚನ್ನು ಹದವಾಗಿ ತುಳಿಯುತ್ತಿತ್ತು. ಕಾರು ತೆವಳಿತು, ನಿಂತಿತು, ತೆವಳಿತು. ಮದುಮಗನ ಪೇಟ ಒಮ್ಮೆಯೂ ಅಲುಗಲಿಲ್ಲ. ನಾನು ನೀರಿನ ಕ್ಯಾನು ಹಿಡಿದು ಪಕ್ಕದಲ್ಲೇ ನಡೆಯುತ್ತ, ಒಳಗಿನ ಮುಳ್ಳು ನೋಡುತ್ತಿದ್ದೆ. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು. ಅದು ಏರುತ್ತಿತ್ತು.

ಛತ್ರ ಕಾಣುವ ತಿರುವಿನಲ್ಲಿ ಬಾನೆಟ್ಟಿನ ಸಂದಿಯಿಂದ ಬುಸ್ಸೆಂದು ಬಿಳಿ ಹಬೆ ಎದ್ದಿತು. ವಾದ್ಯ ನಿಂತಿತು. ಹೆಂಗಸರು ಹಿಂದಕ್ಕೆ ಸರಿದರು. ಶಾಲಿನ ಹಿರಿಯರು ಎಲ್ಲರಿಗೂ ಕೇಳುವಂತೆ, "ನಾನು ಆಗ್ಲೇ ಅಂದೆ. ಅಪಶಕುನ," ಎಂದರು. ಹೆಣ್ಣಿನ ತಂದೆ ಕೈಯಿಂದ ಮುಖ ಮುಚ್ಚಿಕೊಂಡರು.

ಟೀಚರ್ ಎಂಜಿನ್ ಆರಿಸಿ ಇಳಿದರು. ಸೊಂಟದಿಂದ ಕತ್ತರಿ ತೆಗೆದು, ಹೂವಿನ ಪರದೆಯ ದಾರಗಳನ್ನು ಒಂದೊಂದಾಗಿ ಕತ್ತರಿಸಿದರು. ಪರದೆ ಪೂರ್ತಿ ಕಳಚಿ ಬಂದಾಗ ಅದನ್ನು ಆ ಹಿರಿಯರ ಎರಡೂ ಕೈಗೆ ಒಪ್ಪಿಸಿ ಹೇಳಿದರು, "ಅಪಶಕುನ ಅಲ್ಲ ಕಣ್ರೀ, ಉಸಿರು ಕಟ್ಟಿತ್ತು. ಮೂಗಿಗೆ ಹೂವು ತುರುಕಿದ್ರೆ ನಿಮಗೂ ಹಿಂಗೇ ಆಗುತ್ತೆ. ಸ್ವಲ್ಪ ಹಿಡ್ಕೊಂಡಿರಿ."

ಎಲ್ಲೋ ಹಿಂದೆ ಒಬ್ಬಳು ಹುಡುಗಿ ಕಿಸಕ್ಕೆಂದಳು. ಆಮೇಲೆ ಮದುಮಗನೇ ನಕ್ಕ. ಹಿರಿಯರು ಎದೆಯ ತುಂಬ ಹೂವು ಹಿಡಿದುಕೊಂಡು, ಬಿಸಾಕಲೂ ಆಗದೆ, ನಿಂತೇ ಇದ್ದರು. ನಾನು ಒದ್ದೆ ಗೋಣಿ ಹೊದಿಸಿ, ಹಬೆ ಇಳಿಯುವ ತನಕ ಕಾದು, ನೀರು ತುಂಬಿದೆ. ಕೀಲಿ ತಿರುಗಿಸಿದರು. ಒಂದೇ ಸಲಕ್ಕೆ ಹಿಡಿಯಿತು. ಎರಡೂ ಕಾರ್ಬೊರೇಟರು ಒಂದೇ ಶ್ರುತಿಯಲ್ಲಿ... ಆ ಸದ್ದು ಈಗಲೂ ಕಿವಿಯಲ್ಲಿದೆ.

ಛತ್ರದ ಬಾಗಿಲಲ್ಲಿ ಗಂಡಿಗೆ ಆರತಿಯಾಯಿತು. ಮೆರವಣಿಗೆಯ ಗಾಡಿ ಓಡಿಸಿದವರಿಗೆ ಹೆಣ್ಣಿನ ತಂದೆ ತಾಂಬೂಲ, ತೆಂಗಿನಕಾಯಿ, ಒಂದು ಟವೆಲ್ಲು ಕೊಡಬೇಕು. ಅದನ್ನು ತಪ್ಪಿಸುವಂತಿಲ್ಲ, ಗಾಡಿ ಬರಿಗೈಲಿ ತಿರುಗಬಾರದು ಎನ್ನುತ್ತಾರೆ. ಗಂಡ ಹೋದ ಮೇಲೆ ಯಾವ ಶುಭಕಾರ್ಯದಲ್ಲೂ ಟೀಚರಿಗೆ ಯಾರೂ ತಾಂಬೂಲ ಕೊಟ್ಟಿರಲಿಲ್ಲ. ತಟ್ಟೆ ಹಿಡಿದು ತಮ್ಮನೇ ಕಾರಿನ ಹತ್ತಿರ ಬಂದರು. ಸುತ್ತ ಎಲ್ಲರೂ ನೋಡುತ್ತಿದ್ದರು. ಛತ್ರದ ಮೇಲಿನ ಕಿಟಕಿಯಲ್ಲಿ ಮದುಮಗಳ ಮುಖವಿತ್ತು.

"ಇಟ್ಕೋ ಅಕ್ಕ," ಎಂದರು. "ಡ್ರೈವರ್‌ಗೆ ಕೊಡ್ಲೇಬೇಕು."

ಟೀಚರ್ ಸೆರಗೊಡ್ಡಿ ತೆಗೆದುಕೊಂಡರು. ಟವೆಲ್ಲನ್ನು ಕೊಡವಿ ಹೆಗಲ ಮೇಲೆ ಹಾಕಿಕೊಂಡರು.

"ಬೆಳಿಗ್ಗೆ ಮುಹೂರ್ತಕ್ಕೆ ಗಂಡನ್ನ ಬಿಡದಿ ಮನೆಯಿಂದ ಕರ್ಕೊಂಡು ಬರ್ಬೇಕು," ಎಂದರು ತಮ್ಮ. "ಕಾರು ಎಷ್ಟೊತ್ತಿಗೆ ಬರುತ್ತೆ?"

"ಹೂವು ಕಟ್ಟೋರಿಗೆ ಹೇಳಿಡು, ಮೂಗು ಬಿಟ್ಟು ಕಟ್ಟಲಿ. ಸರಿಯಾದ ಹೊತ್ತಿಗೆ ಬರುತ್ತೆ."

ಮಾರನೆಯ ದಿನ ಅಕ್ಷತೆ ಬೀಳುವಾಗ ಟೀಚರ್ ಮಂಟಪದ ಪಕ್ಕದಲ್ಲೇ ನಿಂತಿದ್ದರು. ಹೆಗಲ ಮೇಲೆ ಟವೆಲ್ಲು, ಎಡಗೈಯಲ್ಲಿ ಕಾರಿನ ಕೀಲಿ, ಬಲಗೈಯಲ್ಲಿ ಅಕ್ಷತೆ.

ಆಮೇಲೆ ಎಷ್ಟೋ ಭಾನುವಾರಗಳು... ಟಾಪು ಮಡಚಿ ಇಬ್ಬರೂ ಜಾವಗಲ್ಲಿನ ತನಕ ಹೋಗಿ ಕಾಫಿ ಕುಡಿದು ಬರುತ್ತಿದ್ದೆವು. ಹೋಗುವಾಗ ನಾನು, ಬರುವಾಗ ಅವರು. ಮೊದಲು ಕಣ್ಣು ಸೋತಿತು, ಆಮೇಲೆ ಮೊಣಕಾಲು. ಕೊನೆಯ ಸಲ ಅವರು ಓಡಿಸಿದ್ದು ನಮ್ಮ ಬೀದಿಯ ಈ ತುದಿಯಿಂದ ಆ ತುದಿಗೆ ಮಾತ್ರ. ಮೂರು ವರ್ಷದ ಹಿಂದೆ, ಚಳಿಗಾಲದ ಒಂದು ಬೆಳಿಗ್ಗೆ ಅವರು ಏಳಲಿಲ್ಲ. ಬೇಲೂರಿನಿಂದ ಅವರ ತಮ್ಮನ ಮಗಳು ಬೆಳೆದುನಿಂತ ತನ್ನ ಮಗನ ಜೊತೆ ಬಂದು, ಕಾರಿಗೆ ಒರಗಿ ನಿಂತು ಅತ್ತಳು.

ಅವತ್ತಿನಿಂದ ಸೀಟು ಅವರು ಬಿಟ್ಟುಹೋದ ಜಾಗದಲ್ಲೇ ಉಳಿಯಿತು. ಮೊದಲು ನಾನು ಸರಿಸಲಿಲ್ಲ, ಆಮೇಲೆ ಸರಿಸಲು ಬರಲಿಲ್ಲ. ತುಕ್ಕು ಹಿಡಿಯಿತು. ಅಂದು ಬೇಲೂರಿನಲ್ಲಿ ಹೇಳಿದ್ದ ಸುಳ್ಳು ನಿಜವಾಗಿತ್ತು. ಇಷ್ಟು ದಿನವೂ ಮೊಣಕಾಲನ್ನು ಸ್ಟೀರಿಂಗಿಗೆ ತಗುಲಿಸಿಕೊಂಡೇ ಓಡಿಸಿದೆ. ಈಚೆಗೆ ಬೆನ್ನು ನೋವು ತಡೆಯಲಾಗದೆ ಬಿಚ್ಚಿದ್ದು.

ಹಳಿಯನ್ನು ಉಜ್ಜಿದೆ. ಕತ್ತರಿಯ ಗೀರು ಹೊಳೆಯಿತು. ಗ್ರೀಸು ಹಚ್ಚಿ, ಸೀಟು ಕೂರಿಸಿ, ಒಮ್ಮೆ ಆ ಗುರುತಿನವರೆಗೆ ತಂದು ನಿಲ್ಲಿಸಿದೆ. ಆಮೇಲೆ ಹಿಂದಕ್ಕೆ ತಳ್ಳಿದೆ. ಬೆಣ್ಣೆಯ ಹಾಗೆ ಜಾರಿತು.

ಸಂಜೆ ಟಾಪು ಮಡಚಿ ಜಾವಗಲ್ಲಿನ ರಸ್ತೆಗೆ ಹೋದೆ. ಕಾಲು ಕೊನೆಗೂ ಆರಾಮಾಗಿ ಚಾಚಿಕೊಂಡಿತು. ಪೆಡಲ್ ಮಾತ್ರ ತುಂಬ ದೂರ ಅನ್ನಿಸಿತು.